ಗಾಳಿಯಲ್ಲಿ ನಿಂತ ಚೆಂಡು: ಲೈವ್ ವಿಡಿಯೋದಲ್ಲಿ ಬಿಟ್ಟುಹೋಗುವ ಫ್ರೇಮ್‌ಗಳ ಬಗ್ಗೆ ಒಂದು ಪಾಠಾನುಭವ

ತರಗತಿ: 9. ವಿಷಯ: ವಿಜ್ಞಾನ. ಘಟಕ: ಗುರುತ್ವ. ಉಪಘಟಕ: ಮುಕ್ತ ಪತನ. ಅವಧಿ: ತಲಾ 40 ನಿಮಿಷದ 3 ಪಾಠಗಳು. ಶಾಲೆ: ಪೀಣ್ಯ ಕೈಗಾರಿಕಾ ಪ್ರದೇಶದ ಬಳಿಯ ಒಂದು ಸರ್ಕಾರಿ ಪ್ರೌಢಶಾಲೆ. ಸಾಮಗ್ರಿ: ಟೆನಿಸ್ ಚೆಂಡು, ಮೀಟರ್ ಸ್ಕೇಲು, ವೆಬ್‌ಕ್ಯಾಮ್, ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಓಬಿಎಸ್ ತಂತ್ರಾಂಶ.

ಒಂದು ಮೀಟರ್ ಎತ್ತರದಿಂದ ಬಿಟ್ಟ ಚೆಂಡು ನೆಲ ಮುಟ್ಟಲು ಸುಮಾರು 0.45 ಸೆಕೆಂಡ್ ಸಾಕು. ಸ್ಟಾಪ್‌ವಾಚ್ ಒತ್ತುವ ಬೆರಳಿಗೇ ಸುಮಾರು 0.2 ಸೆಕೆಂಡ್ ತಡವಾಗುತ್ತದೆ. ಅಂದರೆ ತರಗತಿಯಲ್ಲಿ ಸ್ಟಾಪ್‌ವಾಚ್ ಹಿಡಿದು ಗುರುತ್ವ ವೇಗೋತ್ಕರ್ಷ ಅಳೆಯಲು ಹೊರಟರೆ ನಾವು ಅಳೆಯುವುದು ಹೆಚ್ಚಾಗಿ ಬೆರಳನ್ನೇ. ಆದ್ದರಿಂದ ನನ್ನ ಪಾಠ ಯೋಜನೆಯಲ್ಲಿ ಕ್ಯಾಮೆರಾವನ್ನೇ ಗಡಿಯಾರ ಮಾಡಿಕೊಂಡೆ. ವೆಬ್‌ಕ್ಯಾಮ್ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ. ಚೆಂಡು ಸ್ಕೇಲಿನ ಮುಂದೆ ಬೀಳಲಿ, ಅದನ್ನು ಲ್ಯಾಪ್‌ಟಾಪಿನಲ್ಲಿ ನೇರವಾಗಿ ರೆಕಾರ್ಡ್ ಮಾಡಿ, ಆಮೇಲೆ ವಿಎಲ್‌ಸಿಯಲ್ಲಿ 'ಇ' ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋಗೋಣ, ಮಕ್ಕಳು ಪರದೆ ನೋಡಿ ಸ್ಥಾನ ಬರೆದುಕೊಳ್ಳಲಿ. ಯೋಜನೆಯ ಮೇಲ್ಭಾಗದಲ್ಲಿ 'ಒಂದು ಫ್ರೇಮ್ = 1/30 ಸೆಕೆಂಡ್' ಎಂದು ಬರೆದು ಅಡಿಗೆರೆ ಹಾಕಿದ್ದೆ. ಮುಂದಿನ ಎಲ್ಲ ತೊಂದರೆಯೂ ಆ ಅಡಿಗೆರೆಯಿಂದಲೇ ಶುರುವಾಯಿತು.

ಫೋನಿನ ಸ್ಲೋ ಮೋಶನ್ ಬಳಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ಶಾಲೆಯಲ್ಲಿ ತರಗತಿಗೆ ಫೋನ್ ತರುವಂತಿಲ್ಲ. ಜೊತೆಗೆ, ಚೆಂಡು ಬಿಟ್ಟ ಕೂಡಲೇ ಇಡೀ ತರಗತಿ ಪರದೆಯ ಮೇಲೆ ನೋಡಬೇಕೆಂಬುದು ನನ್ನ ಆಸೆ.

ಮಕ್ಕಳನ್ನು ಆರು ಗುಂಪು ಮಾಡಿದೆ. ಒಂದೊಂದು ಗುಂಪಿಗೆ ಒಂದೊಂದು ಚೆಂಡಿನ ಬೀಳುವಿಕೆ, ಒಂದೊಂದು ರೆಕಾರ್ಡಿಂಗ್. ಮೂರನೇ ಗುಂಪಿನ ಪಟ್ಟಿ ಹೀಗಿತ್ತು, ಎಲ್ಲವೂ ಸೆಂಟಿಮೀಟರಿನಲ್ಲಿ: 0, 0.5, 2, 5, 9, 13.5, 13.5, 26.5, 35, 44. ಪಟ್ಟಿ ಬರೆಯುತ್ತಿದ್ದ ಹುಡುಗಿ ಕೈ ಎತ್ತಿದಳು.

"ಮಿಸ್, ಐದನೇದೂ ಹದಿಮೂರೂವರೆ, ಆರನೇದೂ ಹದಿಮೂರೂವರೆ. ಚೆಂಡು ಮಧ್ಯದಲ್ಲಿ ನಿಂತ್ಕೊಂಡಿದೆ."

"ಬೀಳೋ ಚೆಂಡು ಎಲ್ಲಾದ್ರೂ ನಿಲ್ಲುತ್ತಾ? ಒಂದೇ ಫ್ರೇಮ್ ಎರಡು ಸಲ ಬರ್ಕೊಂಡಿದ್ದೀಯ. ಆ ಸಾಲು ಹೊಡೆದುಹಾಕು."

"ನಾನು ಎರಡು ಸಲ ಬರೆದಿಲ್ಲ ಮಿಸ್. ಕೀ ಒತ್ತಿದ್ದು ನೀವು."

ತರಗತಿ ನಕ್ಕಿತು. ಗಂಟೆ ಹೊಡೆಯಲು ಹತ್ತು ನಿಮಿಷವಿತ್ತು, ನಾನು ಮುಂದಕ್ಕೆ ಹೋದೆ. ಅವಳು ಸಾಲು ಹೊಡೆದುಹಾಕಿದಳು. ಒಂಬತ್ತು ಅಂತರಗಳ ಜಾಗದಲ್ಲಿ ಎಂಟು ಉಳಿದವು, ಕಾಲ 8/30 ಸೆಕೆಂಡ್ ಆಯಿತು. ದೂರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದಾಗ ಅವಳಿಗೆ ಸಿಕ್ಕಿದ್ದು 12.4. ಬೇರೆ ಗುಂಪುಗಳಿಗೆ 9.8ರ ಆಸುಪಾಸು ಬಂದಿತ್ತು. "ಯಾವುದು ಬರೀಲಿ ಮಿಸ್?" ಎಂದು ಕೇಳಿದಳು. "ಪುಸ್ತಕದಲ್ಲಿ ಇರೋದು 9.8, ಅದನ್ನೇ ಬರಿ" ಎಂದೆ. ಅವಳು 12.4 ಅನ್ನು ಅಳಿಸಲಿಲ್ಲ. ಅದರ ಕೆಳಗೆ 9.8 ಎಂದು ಬರೆದು ಪುಸ್ತಕ ಮುಚ್ಚಿದಳು.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕರು ವೀಕ್ಷಣಾ ನಮೂನೆಯಲ್ಲಿ ಕಪ್ಪುಹಲಗೆ ಬಳಕೆ, ಧ್ವನಿ, ಸಮಯಪಾಲನೆ ಎಲ್ಲಕ್ಕೂ ಒಳ್ಳೆಯ ಅಂಕ ಕೊಟ್ಟಿದ್ದರು. ಕೊನೆಗೆ ಒಂದೇ ಪ್ರಶ್ನೆ ಬರೆದಿದ್ದರು: 'ಅವಳು ಎರಡು ಸಲ ಬರೆದಿದ್ದಾಳೆ ಎಂದು ನಿಮಗೆ ಹೇಗೆ ಗೊತ್ತಾಯಿತು?'

ಗೊತ್ತಾಗಿರಲಿಲ್ಲ. ಸಂಜೆ ಕಾಲೇಜಿನ ಪ್ರಯೋಗಾಲಯದಲ್ಲಿ ಅದೇ ಕಡತ ತೆರೆದು ಒಂದೊಂದೇ ಫ್ರೇಮ್ ನೋಡಿದೆ. ಐದನೆಯ ಫ್ರೇಮಿನಲ್ಲಿ ಚೆಂಡು 13.5ರಲ್ಲಿತ್ತು. ಆರನೆಯದರಲ್ಲೂ ಅಲ್ಲೇ ಇತ್ತು. ಏಳನೆಯದರಲ್ಲಿ ಒಂದೇ ಜಿಗಿತಕ್ಕೆ 26.5ಕ್ಕೆ ಬಂದಿತ್ತು. ಹುಡುಗಿ ಬರೆದದ್ದು ಅಕ್ಷರಶಃ ಸರಿಯಾಗಿತ್ತು.

ಕ್ಯಾಮೆರಾದಿಂದ ಕಡತದವರೆಗೆ ಚಿತ್ರಕ್ಕೆ ಒಂದು ದಾರಿ ಇದೆ. ಸೆನ್ಸರ್ ಬೆಳಕು ಹಿಡಿಯುತ್ತದೆ. ಯುಎಸ್‌ಬಿ ತಂತಿ ಅದನ್ನು ಲ್ಯಾಪ್‌ಟಾಪಿಗೆ ತರುತ್ತದೆ. ತಂತ್ರಾಂಶ ಚಿತ್ರವನ್ನು ಬಿಚ್ಚಿ ಪರದೆಗೆ ಜೋಡಿಸುತ್ತದೆ. ಎನ್‌ಕೋಡರ್ ಅದನ್ನು ಕುಗ್ಗಿಸುತ್ತದೆ, ಕೊನೆಗೆ ಡಿಸ್ಕಿಗೆ ಬರೆಯಲಾಗುತ್ತದೆ. ಇದೆಲ್ಲ ಒಂದು ಫ್ರೇಮಿಗೆ ಸರಾಸರಿ 33 ಮಿಲಿಸೆಕೆಂಡಿನೊಳಗೆ ಮುಗಿಯಬೇಕು, ಯಾಕೆಂದರೆ ಮುಂದಿನದು ಆಗಲೇ ಬಾಗಿಲಲ್ಲಿರುತ್ತದೆ. ಸಿನಿಮಾ ಕಡತವನ್ನು ಪರಿವರ್ತಿಸುವಾಗ ಕಂಪ್ಯೂಟರ್ ನಿಧಾನವಾದರೆ ಕೆಲಸ ತಡವಾಗುತ್ತದೆ ಅಷ್ಟೆ. ಲೈವ್ ವಿಡಿಯೋದಲ್ಲಿ ಕ್ಯಾಮೆರಾ ಯಾರಿಗೂ ಕಾಯುವುದಿಲ್ಲ. ಹೊತ್ತಿಗೆ ಮುಗಿಯದ ಫ್ರೇಮನ್ನು ಎಸೆಯಲೇಬೇಕು. ಎಸೆದ ಜಾಗ ಖಾಲಿ ಬಿಟ್ಟರೆ ಕಡತದ ಲೆಕ್ಕ ತಪ್ಪುತ್ತದೆಂದು ಓಬಿಎಸ್ ಹಿಂದಿನ ಫ್ರೇಮನ್ನೇ ಇನ್ನೊಮ್ಮೆ ಇಟ್ಟು ಸೆಕೆಂಡಿಗೆ 30 ಪೂರೈಸುತ್ತದೆ. ನಮ್ಮ ಚೆಂಡು ಗಾಳಿಯಲ್ಲಿ ನಿಂತದ್ದು ಹಾಗೆ. ಇದರಿಂದ ಒಂದು ವಿಷಯ ಸ್ಪಷ್ಟವಾಯಿತು: ಪುನರಾವರ್ತನೆಯಾದ ಫ್ರೇಮಿನಲ್ಲಿ ಸ್ಥಾನ ಸುಳ್ಳು, ಕಾಲ ನಿಜ. ನಾನು ಹೊಡೆದುಹಾಕಿಸಿದ್ದು ಆ ಕಾಲವನ್ನು.

ಹೋದ ಫ್ರೇಮ್ ದಾರಿಯಲ್ಲಿ ಎಲ್ಲಿ ಹೋಯಿತು ಎಂಬುದು ಮುಂದಿನ ಪ್ರಶ್ನೆ. ಓಬಿಎಸ್‌ನಲ್ಲಿ 'ಸ್ಟ್ಯಾಟ್ಸ್' ಎಂಬ ಸಣ್ಣ ಕಿಟಕಿ ಇದೆ. ಅದರಲ್ಲಿ ಮೂರು ಲೆಕ್ಕಗಳು ಬೇರೆ ಬೇರೆಯಾಗಿ ಬರುತ್ತವೆ: ರೆಂಡರಿಂಗ್ ತಡವಾಗಿ ತಪ್ಪಿದವು, ಎನ್‌ಕೋಡಿಂಗ್ ತಡವಾಗಿ ಬಿಟ್ಟವು, ನೆಟ್‌ವರ್ಕಿನಲ್ಲಿ ಬಿದ್ದವು. ಮೂರನೆಯದು ಅಂತರಜಾಲಕ್ಕೆ ನೇರ ಪ್ರಸಾರ ಮಾಡುವವರಿಗೆ ಮಾತ್ರ. ನಮ್ಮಂತೆ ಕಡತಕ್ಕೆ ರೆಕಾರ್ಡ್ ಮಾಡುವವರು ಇಂಟರ್ನೆಟ್ ನಿಧಾನ ಎಂದು ಬೈಯುವುದರಲ್ಲಿ ಅರ್ಥವಿಲ್ಲ. ನಾನೂ ಮೊದಲು ಬೈದಿದ್ದೆ.

ಪ್ರಯೋಗಾಲಯದಲ್ಲಿ ಹತ್ತು ಸಲ ಚೆಂಡು ಬಿಟ್ಟೆ. ಮೂರು ಲೆಕ್ಕವೂ ಸೊನ್ನೆ, ಒಂದು ಫ್ರೇಮೂ ಹೋಗಲಿಲ್ಲ. ಅದೇ ಲ್ಯಾಪ್‌ಟಾಪ್, ಅದೇ ಕ್ಯಾಮೆರಾ, ಅದೇ ಚೆಂಡು. ತೊಂದರೆ ಕೊಡದಿರುವಾಗ ತೊಂದರೆ ಹುಡುಕುವುದೇ ಕಷ್ಟದ ಕೆಲಸ. ಶಾಲೆಯಲ್ಲಿ ಏನು ಬೇರೆ ಇತ್ತು ಎಂದು ಕುಳಿತು ಬರೆದೆ. ಆ ಕೊಠಡಿಯಲ್ಲಿ ಕೆಲಸ ಮಾಡುವ ಪ್ಲಗ್ ಪಾಯಿಂಟ್ ಒಂದೇ. ಅದು ಪ್ರೊಜೆಕ್ಟರಿಗೆ ಹೋಗಿತ್ತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆದಿತ್ತು. ಚಾರ್ಜರ್ ಕಿತ್ತು, ಬ್ಯಾಟರಿ ಸೇವರ್ ಹಾಕಿ ಮತ್ತೆ ರೆಕಾರ್ಡ್ ಮಾಡಿದೆ. ಎನ್‌ಕೋಡಿಂಗ್ ಲೆಕ್ಕ ಕಣ್ಣ ಮುಂದೆಯೇ ಏರತೊಡಗಿತು. ಬ್ಯಾಟರಿ ಉಳಿಸಲು ಪ್ರೊಸೆಸರ್ ವೇಗ ತಗ್ಗಿತ್ತು. ಕುಗ್ಗಿಸುವ ಕೆಲಸಕ್ಕೆ 33 ಮಿಲಿಸೆಕೆಂಡ್ ಸಾಲುತ್ತಿರಲಿಲ್ಲ.

ಎರಡನೇ ಪಾಠವನ್ನು ಯೋಜನೆಯಂತೆ 'ತೂಕ ಮತ್ತು ರಾಶಿ'ಗೆ ಒಯ್ಯದೆ ಮಾರ್ಗದರ್ಶಕರ ಒಪ್ಪಿಗೆ ಪಡೆದು ಇದಕ್ಕೇ ಬಿಟ್ಟೆ. ಮೊದಲು ತರಗತಿಗೆ ಆ ಎರಡು ಫ್ರೇಮ್ ಮತ್ತೆ ತೋರಿಸಿ, "ಚೆಂಡು ನಿಂತಿದೆ ಅಂದಿದ್ದು ಸರಿ, ಪರದೆ ಮೇಲೆ ಅದು ನಿಂತೇ ಇದೆ. ಸಾಲು ಹೊಡೆಸಿದ್ದು ನನ್ನ ತಪ್ಪು" ಎಂದು ಹೇಳಿದೆ. ಹುಡುಗಿ ತಲೆ ಎತ್ತಲಿಲ್ಲ. ಅವಳ ಪಕ್ಕದವಳು ಅವಳನ್ನು ಮೊಣಕೈಯಿಂದ ತಿವಿದಳು.

ಫ್ರೇಮ್ ಯಾಕೆ ಎಸೆಯಬೇಕಾಗುತ್ತದೆ ಎಂದು ವಿವರಿಸಲು ನಾನು ನಲ್ಲಿ ಮತ್ತು ಕೊಡದ ಉದಾಹರಣೆ ಸಿದ್ಧಮಾಡಿಕೊಂಡಿದ್ದೆ. ಅದು ಬೇಕಾಗಲಿಲ್ಲ. ಆ ತರಗತಿಯ ಅನೇಕ ಮಕ್ಕಳ ತಾಯಂದಿರು ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಾರೆ. ಒಬ್ಬ ಹುಡುಗ ತಾನಾಗಿಯೇ ಹೇಳಿದ: "ಮಿಸ್, ಲೈನಲ್ಲಿ ಒಬ್ರು ನಿಧಾನ ಆದ್ರೆ ಅವ್ರ ಮುಂದೆ ಪೀಸ್ ಗುಡ್ಡೆ ಬೀಳುತ್ತೆ. ಹಿಂದಿನವ್ರು ಹೊಲೀತಾನೇ ಇರ್ತಾರೆ. ನಮ್ಮಮ್ಮ ಹೇಳ್ತಾರೆ." ಅಲ್ಲಿಂದ ಮುಂದಕ್ಕೆ ತರಗತಿಯೇ ನಡೆಸಿತು. ಗುಡ್ಡೆ ಅಂದರೆ ಕಂಪ್ಯೂಟರಿನ ಬಫರ್. ಸ್ವಲ್ಪ ಹೊತ್ತು ನಿಧಾನವಾದರೆ ಗುಡ್ಡೆ ತಡೆದುಕೊಳ್ಳುತ್ತದೆ, ಆಮೇಲೆ ಕರಗುತ್ತದೆ. ಇಡೀ ದಿನ ನಿಧಾನವಾದರೆ ಜಾಗ ಸಾಲುವುದಿಲ್ಲ. "ಆಗ ಏನ್ ಮಾಡ್ತಾರೆ?" ಎಂದೆ. "ಸೂಪರ್‌ವೈಸರ್ ಬೈತಾರೆ" ಎಂದರು. ಲೈನಿನಲ್ಲಿ ಪೀಸ್ ಎಸೆಯುವುದಿಲ್ಲ, ವಿಡಿಯೋದಲ್ಲಿ ಎಸೆಯುತ್ತಾರೆ ಎಂಬ ವ್ಯತ್ಯಾಸವನ್ನೂ ಅವರೇ ಹೇಳಿದರು. ಇನ್ನೊಂದು ಮಾತು ನಾನು ಸೇರಿಸಿದೆ: ಲೈನಿನ ವೇಗ ಎಂದರೆ ಅತಿ ನಿಧಾನದವರ ವೇಗ. ಆದ್ದರಿಂದ ತೊಂದರೆ ಬಂದಾಗ ಎಲ್ಲರನ್ನೂ ಬದಲಿಸಬಾರದು, ಗುಡ್ಡೆ ಯಾರ ಮುಂದೆ ಬಿದ್ದಿದೆ ಎಂದು ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ಅಳೆಯಬೇಕು.

ಆಮೇಲೆ ತಂತಿಯ ಲೆಕ್ಕ. ಇದು ಗಣಿತದ ಅವಧಿಯಂತೆಯೇ ನಡೆಯಿತು, ಮತ್ತು ನನ್ನ ಮೂರು ಪಾಠಗಳಲ್ಲಿ ಅತ್ಯಂತ ಜೀವ ಇದ್ದದ್ದು ಈ ಹದಿನೈದು ನಿಮಿಷಕ್ಕೆ. ಒಂದು ಫುಲ್ ಎಚ್‌ಡಿ ಫ್ರೇಮಿನಲ್ಲಿ 1920 × 1080, ಅಂದರೆ 20,73,600 ಚುಕ್ಕೆಗಳು. ವೆಬ್‌ಕ್ಯಾಮ್‌ಗಳು ಸಾಮಾನ್ಯವಾಗಿ ಬಳಸುವ ಕುಗ್ಗಿಸದ ರೂಪದಲ್ಲಿ ಒಂದು ಚುಕ್ಕೆಗೆ 2 ಬೈಟ್, ಒಂದು ಫ್ರೇಮಿಗೆ 41,47,200 ಬೈಟ್. ಸೆಕೆಂಡಿಗೆ 30 ಫ್ರೇಮ್ ಎಂದರೆ 12,44,16,000 ಬೈಟ್, ಸುಮಾರು 124 ಎಂಬಿ. ಇತ್ತ ಯುಎಸ್‌ಬಿ 2.0 ತಂತಿಯ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಬಿಟ್ ಬೇರೆ, ಬೈಟ್ ಬೇರೆ; ಎಂಟರಿಂದ ಭಾಗಿಸಿದರೆ 60 ಎಂಬಿ. ಅದೂ ಪೂರ್ತಿ ಸಿಗುವುದಿಲ್ಲ. ವಿಡಿಯೋದಂಥ ನಿಲ್ಲದ ಹರಿವಿಗೆ ಒಂದು ಕ್ಯಾಮೆರಾಕ್ಕೆ ಕಾದಿರಿಸಬಹುದಾದದ್ದು ಹೆಚ್ಚೆಂದರೆ ಸುಮಾರು 24 ಎಂಬಿ. 124 ಎಂಬಿ ಅದರಲ್ಲಿ ಹೋಗುವುದು ಸಾಧ್ಯವೇ ಇಲ್ಲ.

ಹಾಗಾದರೆ ಕ್ಯಾಮೆರಾ ಏನು ಮಾಡುತ್ತದೆ? ಒಂದೋ ಫ್ರೇಮ್ ಕಡಿಮೆ ಮಾಡುತ್ತದೆ: ನಮ್ಮದು ಕುಗ್ಗಿಸದ ಫುಲ್ ಎಚ್‌ಡಿಯಲ್ಲಿ ಸೆಕೆಂಡಿಗೆ 5 ಫ್ರೇಮ್ ಮಾತ್ರ ಕೊಡುತ್ತಿತ್ತು, ಲೆಕ್ಕ ಹಾಕಿದರೆ 20.7 ಎಂಬಿ, ತಂತಿಯೊಳಗೆ ಹಿಡಿಸುತ್ತದೆ. ಇಲ್ಲವೇ ಎಂಜೆಪೆಗ್ ರೂಪದಲ್ಲಿ ಪ್ರತಿ ಚಿತ್ರವನ್ನೂ ಒಳಗೇ ಕುಗ್ಗಿಸಿ 30 ಕಳಿಸುತ್ತದೆ, ಆದರೆ ಅದನ್ನು ಬಿಚ್ಚುವ ಭಾರ ಲ್ಯಾಪ್‌ಟಾಪಿನ ಮೇಲೆ ಬೀಳುತ್ತದೆ. ಬ್ಯಾಟರಿಯ ಮೇಲೆ ಸೊರಗಿದ್ದ ನಮ್ಮ ಲ್ಯಾಪ್‌ಟಾಪಿಗೆ ಇದು ಎರಡನೆಯ ಹೊರೆಯಾಗಿತ್ತು. ಮಕ್ಕಳು 640 × 480ಕ್ಕೂ ಲೆಕ್ಕ ಹಾಕಿದರು: ಕುಗ್ಗಿಸದೆಯೂ 18.4 ಎಂಬಿ. ಚೆಂಡಿನ ಸ್ಥಾನವನ್ನು ಅರ್ಧ ಸೆಂಟಿಮೀಟರಿಗೆ ಓದಲು ಅಷ್ಟು ಚುಕ್ಕೆ ಸಾಕು. ಫುಲ್ ಎಚ್‌ಡಿ ಆರಿಸಿದ್ದು ಚೆನ್ನಾಗಿ ಕಾಣಲಿ ಎಂಬ ನನ್ನ ಶೋಕಿ.

ಇಲ್ಲಿ ಒಬ್ಬ ಹುಡುಗ ಕೇಳಿದ: "ಹಂಗಾದ್ರೆ ಚಂದ್ರನಿಂದ ಲೈವ್ ಬಂತಲ್ಲ ಮಿಸ್, ಅದ್ರಲ್ಲಿ ಫ್ರೇಮ್ ಹೋಗ್ಲಿಲ್ವಾ?" ಚಂದ್ರಯಾನ-3ರ ವಿಕ್ರಮ್ ಲ್ಯಾಂಡರನ್ನು 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಇಳಿಸಿದ ನಿಯಂತ್ರಣ ಕೇಂದ್ರ ಇಸ್ಟ್ರಾಕ್ ಇರುವುದು ಪೀಣ್ಯದಲ್ಲೇ. ಈ ಮಕ್ಕಳಿಗೆ ಅದು 'ನಮ್ ಏರಿಯಾದ್ದು'. ಆ ಸಂಜೆ ಅವರೆಲ್ಲ ಟಿವಿ ಮುಂದೆ ಕುಳಿತಿದ್ದರು. ಪರದೆಯ ಮೇಲೆ ಏನು ಕಂಡಿತ್ತು ನೆನಪಿಸಿಕೊಳ್ಳಿ ಎಂದೆ. ಒಂದು ವಕ್ರರೇಖೆ, ಎತ್ತರ ಮತ್ತು ವೇಗದ ಅಂಕಿಗಳು, ಲ್ಯಾಂಡರಿನ ಅನಿಮೇಶನ್ ಚಿತ್ರ, ಕೇಂದ್ರದಲ್ಲಿ ಕುಳಿತ ವಿಜ್ಞಾನಿಗಳು. ಇಳಿಯುವಾಗ ಚಂದ್ರನಿಂದ ಬರುತ್ತಿದ್ದದ್ದನ್ನು ನಾವು ನೋಡಿದ್ದು ಅಂಕಿಗಳ ರೂಪದಲ್ಲಿ. ಲ್ಯಾಂಡರಿನ ಕ್ಯಾಮೆರಾ ತೆಗೆದ ಇಳಿಯುವಿಕೆಯ ವಿಡಿಯೋವನ್ನು ಇಸ್ರೋ ಮರುದಿನ ಪ್ರಕಟಿಸಿತು. ಸುಮಾರು 3,84,000 ಕಿಲೋಮೀಟರ್ ದೂರದ ದಾರಿಯಲ್ಲಿ ಎತ್ತರ, ವೇಗ ಎಂಬ ಒಂದೊಂದು ಅಂಕಿಗೆ ಬೇಕಾದದ್ದು ಕೆಲವೇ ಬೈಟ್. ಒಂದು ಚಿತ್ರಕ್ಕೆ ಲಕ್ಷಗಟ್ಟಲೆ ಬೇಕು. "ಅಂದ್ರೆ ಅವ್ರೂ ನಮ್ ಥರ ಟೇಬಲ್ಲೇ ನೋಡ್ತಿದ್ರು" ಎಂದ ಆ ಹುಡುಗ. ಹೌದು ಎಂದೆ. ಆ ಉತ್ತರವನ್ನು ನಾನು ಯೋಜನೆಯಲ್ಲಿ ಬರೆದಿರಲಿಲ್ಲ.

ಮೂರನೇ ಪಾಠಕ್ಕೆ ಮುಂಚೆ ಎಲ್ಲ ಸರಿಪಡಿಸಿದ್ದೆ ಎಂದುಕೊಂಡಿದ್ದೆ. ಉದ್ದದ ಎಕ್ಸ್‌ಟೆನ್ಷನ್ ಬೋರ್ಡ್ ತಂದಿದ್ದೆ, ಚಾರ್ಜರ್ ಹಾಕಿದ್ದೆ, 640 × 480 ಇಟ್ಟಿದ್ದೆ. ಚೆಂಡು ಎದ್ದು ಕಾಣಲೆಂದು ಹಿಂದೆ ಕಪ್ಪು ಬಟ್ಟೆ ಕಟ್ಟಿ, ಪರದೆ ಚೆನ್ನಾಗಿ ಕಾಣಲೆಂದು ಕಿಟಕಿಗಳನ್ನೂ ಮುಚ್ಚಿಸಿದೆ. ಸ್ಟ್ಯಾಟ್ಸ್‌ನಲ್ಲಿ ಎಲ್ಲವೂ ಸೊನ್ನೆ. ಆದರೂ ಪರದೆಯ ಮೇಲೆ ಚೆಂಡು ಪ್ರತಿ ಎರಡು ಫ್ರೇಮಿಗೊಮ್ಮೆ ನಿಲ್ಲುತ್ತಿತ್ತು: ನಿಂತಿತು, ಜಿಗಿಯಿತು, ನಿಂತಿತು, ಜಿಗಿಯಿತು. ಹಿಂದಿನ ಸಲದಂತೆ ಪುನರಾವರ್ತಿತ ಸಾಲುಗಳನ್ನೆಲ್ಲ ಹೊಡೆಸಿದ್ದರೆ ಕಾಲ ಅರ್ಧವಾಗಿ ವೇಗೋತ್ಕರ್ಷ ನಾಲ್ಕು ಪಟ್ಟು, 39ರ ಹತ್ತಿರ ಬರುತ್ತಿತ್ತು.

ಈ ಸಲ ನಾನು ಉತ್ತರ ಹೇಳಲಿಲ್ಲ, ಗೊತ್ತೂ ಇರಲಿಲ್ಲ. ಅದೇ ಹುಡುಗಿ ಹೇಳಿದಳು: "ಅವತ್ತು ಒಂದ್ಸಲ ನಿಂತಿತ್ತು ಮಿಸ್, ಇವತ್ತು ಲೆಕ್ಕ ಇಟ್ಕೊಂಡು ನಿಲ್ತಿದೆ." ಈ ಮಾತೇ ಕೀಲಿ. ಕಂಪ್ಯೂಟರ್ ಸುಸ್ತಾಗಿ ಫ್ರೇಮ್ ಬಿಟ್ಟರೆ ಅದು ಎಲ್ಲೆಂದರಲ್ಲಿ, ಕ್ರಮವಿಲ್ಲದೆ ಬೀಳುತ್ತದೆ. ಕ್ರಮಬದ್ಧವಾಗಿ ನಿಂತರೆ ಕ್ಯಾಮೆರಾವೇ ಕಡಿಮೆ ಕೊಡುತ್ತಿದೆ ಎಂದರ್ಥ. ಎರಡಕ್ಕೊಂದು ನಿಂತರೆ ಕ್ಯಾಮೆರಾ ಕೊಡುತ್ತಿರುವುದು 15. ಆರಕ್ಕೊಂದು ನಿಂತರೆ 25 ಕೊಟ್ಟಿದ್ದನ್ನು 30 ಮಾಡಲಾಗಿದೆ. ಕ್ಯಾಮೆರಾ ತೆಗೆಯದೇ ಇದ್ದ ಫ್ರೇಮನ್ನು ಓಬಿಎಸ್ ಕಳೆದುಕೊಂಡಂತೆ ಲೆಕ್ಕ ಹಾಕುವುದಿಲ್ಲ, ಅದಕ್ಕೇ ಅಲ್ಲಿ ಸೊನ್ನೆ.

ಕಾರಣ ನಾನು ಮುಚ್ಚಿಸಿದ ಕಿಟಕಿ. ಬೆಳಕು ಸಾಲದಾಗ ವೆಬ್‌ಕ್ಯಾಮ್ ತಾನಾಗಿಯೇ ಎಕ್ಸ್‌ಪೋಷರ್ ಹೆಚ್ಚಿಸಿಕೊಳ್ಳುತ್ತದೆ. ಒಂದು ಚಿತ್ರಕ್ಕೆ 1/15 ಸೆಕೆಂಡ್ ಬೆಳಕು ಹಿಡಿಯುತ್ತಾ ಕುಳಿತರೆ ಸೆಕೆಂಡಿಗೆ 15ಕ್ಕಿಂತ ಹೆಚ್ಚು ಚಿತ್ರ ತೆಗೆಯುವುದು ಯಾರಿಂದಲೂ ಆಗದು. ಕ್ಯಾಮೆರಾದ ಪ್ರಾಪರ್ಟೀಸ್‌ನಲ್ಲಿ ಆಟೋ ಎಕ್ಸ್‌ಪೋಷರ್ ಮತ್ತು 'ಲೋ ಲೈಟ್ ಕಾಂಪನ್ಸೇಶನ್' ಎರಡರ ಗುರುತೂ ತೆಗೆದು, ಎಕ್ಸ್‌ಪೋಷರನ್ನು ಕೈಯಿಂದ ತಗ್ಗಿಸಿ, ಕಿಟಕಿ ತೆಗೆಸಿದೆವು. ಇನ್ನೊಂದು ಲಾಭವೂ ಆಯಿತು. ಸೆಕೆಂಡಿಗೆ 2 ಮೀಟರ್ ವೇಗದ ಚೆಂಡು 1/30 ಸೆಕೆಂಡಿನಲ್ಲಿ 6.7 ಸೆಂ.ಮೀ. ಉದ್ದಕ್ಕೆ ಬಳಿದಂತೆ ಕಾಣುತ್ತದೆ. 1/200 ಸೆಕೆಂಡಿನಲ್ಲಿ 1 ಸೆಂ.ಮೀ. ಮಾತ್ರ. ಪರದೆ ಸ್ವಲ್ಪ ಮಂಕಾಯಿತು, ಚೆಂಡು ದುಂಡಗಾಯಿತು.

ಈ ಪಾಠ ಮಾಡಬಯಸುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು. ಫ್ರೇಮ್ ಹೋಗುತ್ತಿದೆ ಎಂದ ಕೂಡಲೇ ಡಿಸ್ಕ್ ನಿಧಾನ, ಪೆನ್‌ಡ್ರೈವ್ ಸರಿಯಿಲ್ಲ ಎನ್ನುವವರು ಬಹಳ. ಕುಗ್ಗಿಸದೆ ಬರೆಯುತ್ತಿದ್ದ ಕಾಲದಲ್ಲಿ ಅದು ಸರಿಯಾದ ಅನುಮಾನ. ಈಗ ನಾವು ರೆಕಾರ್ಡ್ ಮಾಡಿದ 2500 ಕಿಲೋಬಿಟ್ ವಿಡಿಯೋಗೆ ಸೆಕೆಂಡಿಗೆ ಸುಮಾರು 312 ಕಿಲೋಬೈಟ್ ಬರೆದರೆ ಸಾಕು, ಅದು ಹಳೆಯ ಪೆನ್‌ಡ್ರೈವಿಗೂ ಭಾರವಲ್ಲ. ಎರಡನೆಯದು, ಪಾಠಕ್ಕೆ ಮುಂಚೆ ಎರಡು ನಿಮಿಷದ ಪರೀಕ್ಷೆ: ಮನೆಯಲ್ಲೋ ಕಾಲೇಜಿನಲ್ಲೋ ಫೋನಿನ ಸ್ಟಾಪ್‌ವಾಚನ್ನು ಕ್ಯಾಮೆರಾ ಮುಂದೆ ಹಿಡಿದು ರೆಕಾರ್ಡ್ ಮಾಡಿ, ಒಂದೊಂದೇ ಫ್ರೇಮ್ ನೋಡಿ. ಪ್ರತಿ ಫ್ರೇಮಿಗೂ ಅಂಕಿ ಸೆಕೆಂಡಿನ ನೂರರ ಮೂರು ಭಾಗದಷ್ಟು ಏರಬೇಕು. ಎಲ್ಲಿ ಅಂಕಿ ನಿಂತಿತೋ ಅಲ್ಲಿ ಫ್ರೇಮ್ ಇಲ್ಲ. ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಕಪ್ಪು ಪಟ್ಟಿಗಳು ಹರಿದರೆ ಅದು ಫ್ರೇಮ್ ನಷ್ಟವಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್, ಕ್ಯಾಮೆರಾದ ಆಂಟಿ ಫ್ಲಿಕರನ್ನು 50ಕ್ಕೆ ಇಡಿ.

ಕೊನೆಯ ರೆಕಾರ್ಡಿಂಗ್‌ಗಳಲ್ಲಿ ಯಾವ ಚೆಂಡೂ ನಿಲ್ಲಲಿಲ್ಲ. ಚೆಂಡು ಬಿಟ್ಟ ಕ್ಷಣ ಎರಡು ಫ್ರೇಮ್‌ಗಳ ನಡುವೆ ಬಿದ್ದಿರಬಹುದಾದ್ದರಿಂದ ಈ ಸಲ ಒಟ್ಟು ಕಾಲದ ಬದಲು ಅಂತರಗಳನ್ನು ಹೋಲಿಸಿದೆವು. ಒಂದು ಫ್ರೇಮಿನಿಂದ ಮುಂದಿನದಕ್ಕೆ ಚೆಂಡು ಬೀಳುವ ದೂರ ಪ್ರತಿ ಸಲವೂ ಸುಮಾರು 1.09 ಸೆಂ.ಮೀ. ಹೆಚ್ಚಬೇಕು, ಅದನ್ನು 900ರಿಂದ ಗುಣಿಸಿದರೆ ವೇಗೋತ್ಕರ್ಷ. ಮೂರನೇ ಗುಂಪಿನಲ್ಲಿ ಮೊದಲ ಅಂತರ 0.5, ಒಂಬತ್ತನೆಯದು 9.5. ಎಂಟು ಹೆಜ್ಜೆಗೆ 9 ಸೆಂ.ಮೀ. ಅವಳಿಗೆ 10.1 ಬಂತು. "ಇದನ್ನೇ ಬರೀಲಾ?" ಎಂದಳು. ಬರಿ ಎಂದೆ. ಅರ್ಧ ಸೆಂಟಿಮೀಟರಿಗೆ ಓದುವ ಕಣ್ಣಿಗೆ ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ, ಅದನ್ನೂ ಪಕ್ಕದಲ್ಲಿ ಬರಿ ಎಂದೆ.

ಪುಸ್ತಕ ತಿದ್ದಲು ತೆಗೆದುಕೊಂಡಾಗ ಹಿಂದಿನ ಪುಟ ನೋಡಿದೆ. 12.4ರ ಕೆಳಗಿದ್ದ 9.8 ಅನ್ನು ಹೊಡೆದಿದ್ದಳು. ಹೊಡೆದುಹಾಕಿದ್ದ ಆರನೇ ಸಾಲನ್ನು ಹೊಸದಾಗಿ ಬರೆದು, 13.5ಕ್ಕೆ ಸುತ್ತು ಹಾಕಿ 'ಫ್ರೇಮ್ ಇಲ್ಲ, ಟೈಮ್ ಇದೆ' ಎಂದು ಗುರುತಿಸಿದ್ದಳು. ಕೆಳಗೆ 9/30 ಸೆಕೆಂಡ್ ಇಟ್ಟು ಲೆಕ್ಕ ಮತ್ತೆ ಮಾಡಿ 9.78 ಎಂದು ಬರೆದಿದ್ದಳು.